ಬರ್ಗಂಡಿಯ ಸಣ್ಣ ನೆಲಮಾಳಿಗೆಗಳು

ಫ್ರಾನ್ಸ್ ದೇಶದ ಭೂಪಟದಲ್ಲಿ ಪ್ಯಾರಿಸ್ಸಿನಿಂದ ಆಗ್ನೇಯ ದಿಕ್ಕಿಗೆ ಬೆರಳಾಡಿಸಿದರೆ ದಿಜೋನ್ ಎಂಬ ಹಳೆಯ ಪಟ್ಟಣವು ಸಿಕ್ಕುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು ೫೦ ಕಿಲೋಮೀಟರುಗಳವರೆಗೆ ಪೂರ್ವಾಭಿಮುಖವಾದ ಒಂದು ಇಳಿಜಾರು ಹಬ್ಬಿಕೊಂಡಿದೆ. ಅದರ ಅಗಲವು ಎರಡು ಕಿಲೋಮೀಟರುಗಳನ್ನು ಮುಟ್ಟುವುದೇ ಅಪರೂಪ. ಬರ್ಗಂಡಿ ಪ್ರಾಂತದ ಹೃದಯವೆನಿಸಿದ ಕೋತ್ ದೋರ್ ಇದೇ. ನಮ್ಮ ಒಂದು ಹೋಬಳಿಯಷ್ಟೂ ದೊಡ್ಡದಾಗಿ ಕಾಣದ ಈ ಪಟ್ಟೆಯಲ್ಲಿ ಸಾವಿರಕ್ಕೂ ಮಿಕ್ಕಿ ದ್ರಾಕ್ಷಿತೋಟದ ತುಂಡುಗಳಿವೆ. ಪ್ರತಿಯೊಂದಕ್ಕೂ ಹೆಸರುಂಟು, ಎಲ್ಲೆಯುಂಟು, ಚರಿತ್ರೆಯುಂಟು. ೨೦೧೫ರಲ್ಲಿ ಯುನೆಸ್ಕೋ ಸಂಸ್ಥೆಯು ಇವುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿಕೊಂಡಾಗ ಎಣಿಸಿದ ತುಂಡುಗಳು ೧,೨೪೭.

ಈ ಸೀಮೆಗೆ ಹೋದ ಪ್ರವಾಸಿಗರು ಹಳ್ಳಿಯಿಂದ ಹಳ್ಳಿಗೆ ಸುತ್ತಿ, ಬೆಳೆಗಾರರ ಮನೆಗಳ ಕೆಳಗಿನ ನೆಲಮಾಳಿಗೆಗಳಿಗೆ ಇಳಿದು, ಪೀಪಾಯಿಗಳಲ್ಲಿರುವ ವೈನಿನ ರುಚಿ ನೋಡುವುದುಂಟು. ಪ್ರವಾಸದ ಕೈಪಿಡಿಗಳು ಇದನ್ನು ಒಂದು ವಿನೋದವೆಂದು ವರ್ಣಿಸುತ್ತವೆ. ಆದರೆ ಚರಿತ್ರೆ, ಭೂಗೋಳ, ಅರ್ಥಶಾಸ್ತ್ರಗಳನ್ನು ಓದುವ ನಮ್ಮಂತಹವರಿಗೆ ಇಲ್ಲಿ ಬೇರೊಂದು ಆಕರ್ಷಣೆಯಿದೆ. ಆ ನೆಲಮಾಳಿಗೆಯು ಅಷ್ಟು ಚಿಕ್ಕದಾಗಿರುವುದೇತಕ್ಕೆ? ಅದು ಚಿಕ್ಕದಾಗಿರುವುದರಿಂದಲೇ ಅಲ್ಲಿ ಕಲಿಯಬಹುದಾದದ್ದು ಏನು? ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಈ ಲೇಖನವನ್ನು ಬರೆದಿದೆ. ಪಾನದ ಪ್ರಶಂಸೆ ಇದರ ಉದ್ದೇಶವಲ್ಲ. ರುಚಿ ನೋಡುವವನು ಬಾಯಿಗೆ ತೆಗೆದುಕೊಂಡದ್ದನ್ನು ನುಂಗದೆ ಉಗುಳಿಬಿಡುತ್ತಾನೆ ಎಂಬುದನ್ನು ಮೊದಲೇ ತಿಳಿಸಿಬಿಟ್ಟರೆ ಮಿತ್ರರಲ್ಲಿ ಕೆಲವರ ಆತಂಕವು ಕಡಿಮೆಯಾದೀತು.

ಅಲ್ಲಿ ತೋಟದ ತುಂಡಿಗೆ 'ಕ್ಲಿಮಾ' ಎಂದು ಹೆಸರು. ನಮ್ಮ ಊರುಗಳಲ್ಲಿ ಸರ್ವೆ ನಂಬರಿಗಿಂತ ಮುಂಚಿನಿಂದಲೂ 'ಹುಣಿಸೆಮರದ ಹೊಲ', 'ಗುಡಿಯ ಮುಂದಲ ಗದ್ದೆ' ಎಂದು ಕರೆಯುವ ರೂಢಿಯಿಲ್ಲವೆ? ಅಂತಹವೇ ಈ ಹೆಸರುಗಳು. ಮರ್ಸೋ ಎಂಬ ಹಳ್ಳಿಯ 'ಪೆರಿಯೇರ್' ಎಂದರೆ ಕಲ್ಲುಗಣಿಯ ಜಾಗ. ಬೋನ್ ಪಟ್ಟಣದ 'ಕ್ಲೋ ದೆ ಮೂಶ್' ಎಂದರೆ ನೊಣಗಳ ಆವರಣ. ಅಲ್ಲಿನವರ ಹಳೆಯ ಮಾತಿನಲ್ಲಿ ನೊಣವೆಂದರೆ ಜೇನುನೊಣ. ಶಾಂಬೊಲ್ ಹಳ್ಳಿಯ ಒಂದು ತುಂಡಿಗೆ 'ಪ್ರಣಯಿನಿಯರು' ಎಂಬ ಅರ್ಥದ ಹೆಸರಿದೆ. ಕೆಲವು ತೋಟಗಳ ಕೀರ್ತಿಯು ಎಷ್ಟು ಬೆಳೆಯಿತೆಂದರೆ ಊರುಗಳೇ ಅವುಗಳ ಹೆಸರನ್ನು ತಮ್ಮ ಬಾಲಕ್ಕೆ ಕಟ್ಟಿಕೊಂಡವು. ಜೆವ್ರೇ ಎಂಬ ಹಳ್ಳಿಯು ೧೮೪೭ರಲ್ಲಿ ತನ್ನ ಪ್ರಸಿದ್ಧ ತೋಟವಾದ ಶಾಂಬರ್ತೇಂ ಹೆಸರನ್ನು ಸೇರಿಸಿಕೊಂಡು ಜೆವ್ರೇ-ಶಾಂಬರ್ತೇಂ ಆಯಿತು. ತೋಟಕ್ಕೆ ಊರಿನ ಹೆಸರು ಬರುವುದು ಲೋಕರೂಢಿ; ಇಲ್ಲಿ ಅದು ತಲೆಕೆಳಗಾಗಿದೆ.

ಈ ವಿಂಗಡಣೆಯನ್ನು ಮಾಡಿದವರಲ್ಲಿ ಸಂನ್ಯಾಸಿಗಳ ಪಾಲು ದೊಡ್ಡದು. ೧೦೯೮ರಲ್ಲಿ ಸ್ಥಾಪಿತವಾದ ಸಿತೋ ಮಠದ ಸಂನ್ಯಾಸಿಗಳು ವೂಜೋ ಎಂಬಲ್ಲಿ ದಾನವಾಗಿಯೂ ಕ್ರಯವಾಗಿಯೂ ಭೂಮಿಯನ್ನು ಕೂಡಿಸಿ, ಗೋಡೆ ಹಾಕಿಸಿ, ದೊಡ್ಡದೊಂದು ತೋಟವನ್ನು ಮಾಡಿದರು. ರಾಜರ ಕೈವಾಡವೂ ಇತ್ತು. ಬರ್ಗಂಡಿಯ ಡ್ಯೂಕನಾದ ಫಿಲಿಪ್ಪನು ೧೩೯೫ರಲ್ಲಿ ಒಂದು ಶಾಸನವನ್ನು ಹೊರಡಿಸಿ, ಹೇರಳವಾಗಿ ಫಲ ಕೊಡುವ ಗಮೇ ಎಂಬ ತಳಿಯನ್ನು ಕಿತ್ತುಹಾಕಬೇಕೆಂದು ಆಜ್ಞಾಪಿಸಿದನು. ಅಲ್ಪ ಫಲದ ಪಿನೋ ನ್ವಾರ್ ತಳಿಯು ನಿಂತಿತು. ಇಂದಿಗೂ ಈ ಇಳಿಜಾರಿನ ಕೆಂಪು ವೈನು ಬಹುಮಟ್ಟಿಗೆ ಪಿನೋ ನ್ವಾರ್ ಒಂದರಿಂದಲೇ, ಬಿಳಿಯದು ಶಾರ್ದೊನೇ ಒಂದರಿಂದಲೇ ಆಗುತ್ತದೆ. ಹಲವು ತಳಿಗಳನ್ನು ಬೆರಸುವ ಪದ್ಧತಿ ಇಲ್ಲಿಲ್ಲ. ಇದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು; ಮುಂದೆ ಬೇಕಾಗುತ್ತದೆ.

೧೭೮೯ರ ಮಹಾಕ್ರಾಂತಿಯು ಮಠದ ಭೂಮಿಯನ್ನು ರಾಷ್ಟ್ರದ ಸ್ವತ್ತಾಗಿ ಮಾಡಿ ಹರಾಜಿಗೆ ಇಟ್ಟಿತು. ೧೮೦೪ರ ನೆಪೋಲಿಯನ್ ಸಂಹಿತೆಯು ಹಿರಿಯ ಮಗನ ವಿಶೇಷ ಹಕ್ಕನ್ನು ಒಪ್ಪದೆ, ಗಂಡಾಗಲಿ ಹೆಣ್ಣಾಗಲಿ ಮಕ್ಕಳೆಲ್ಲರಿಗೂ ಆಸ್ತಿಯಲ್ಲಿ ಸಮಭಾಗವನ್ನು ವಿಧಿಸಿತು. ನ್ಯಾಯದ ದೃಷ್ಟಿಯಿಂದ ಇದು ಶ್ಲಾಘ್ಯವೇ ಸರಿ. ಆದರೆ ತಲೆಮಾರಿನಿಂದ ತಲೆಮಾರಿಗೆ ಹಿಸ್ಸೆಯಾಗುತ್ತ ಬಂದ ಜಮೀನಿನ ಗತಿಯೇನಾಗುವುದೆಂಬುದನ್ನು ನಮ್ಮ ರೈತ ಕುಟುಂಬಗಳಿಂದ ಬಂದ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಠದ ಒಡೆತನದಲ್ಲಿ ಒಂದೇ ಆಗಿದ್ದ ವೂಜೋ ಆವರಣವು ಸುಮಾರು ೫೦ ಹೆಕ್ಟೇರು, ಎಂದರೆ ೧೨೫ ಎಕರೆಗೆ ಸ್ವಲ್ಪ ಕಡಿಮೆ. ಈಗ ಅದಕ್ಕೆ ಸುಮಾರು ೮೦ ಮಂದಿ ಒಡೆಯರಿದ್ದಾರೆ. ಕೆಲವರ ಪಾಲು ಬಳ್ಳಿಯ ನಾಲ್ಕಾರು ಸಾಲುಗಳು ಮಾತ್ರ. ಅಲ್ಲಿನ ಬೆಳೆಗಾರರು ಈಗಲೂ 'ಊವ್ರೇ' ಎಂಬ ಹಳೆಯ ಅಳತೆಯಲ್ಲಿ ಮಾತನಾಡುತ್ತಾರೆ. ಒಬ್ಬ ಆಳು ಒಂದು ದಿನದಲ್ಲಿ ಅಗೆಯಬಲ್ಲಷ್ಟು ನೆಲವೆಂದು ಅದರ ಅರ್ಥ. ನಮ್ಮ ಲೆಕ್ಕದಲ್ಲಿ ನಾಲ್ಕೂಕಾಲು ಗುಂಟೆ. ಕೋಟಿಗಟ್ಟಲೆ ಬೆಲೆ ಬಾಳುವ ನೆಲವನ್ನು ಒಬ್ಬ ಕೂಲಿಯ ದಿನದ ಬೆವರಿನಿಂದ ಅಳೆಯುವುದನ್ನು ನೋಡಿದರೆ ಸಂತೋಷವಾಗುತ್ತದೆ. ನಮ್ಮ ವಾರದ ಬೇಸಾಯವನ್ನು ಹೋಲುವ ಪದ್ಧತಿಯೂ ಅಲ್ಲಿ ಉಂಟು. ದುಡಿದವನು ಫಲದ ಒಂದು ಭಾಗವನ್ನು ಭೂಮಾಲೀಕನಿಗೆ ಕೊಡುತ್ತಾನೆ. ಹೀಗೆ ಒಂದೇ ತೋಟದ, ಒಂದೇ ವರ್ಷದ ಬೆಳೆಯು ಇಬ್ಬರ ಹೆಸರಿನಲ್ಲಿ ಮಾರಾಟಕ್ಕೆ ಬರುವುದೂ ಉಂಟು.

ಆದುದರಿಂದ ಒಬ್ಬ ಸಾಧಾರಣ ಬೆಳೆಗಾರನಿಗೆ ಒಂದೇ ಕಡೆ ಇಪ್ಪತ್ತು ಎಕರೆ ಇರುವುದಿಲ್ಲ. ಅಜ್ಜನಿಂದ ಬಂದ ಒಂದು ತುಂಡು ಇಲ್ಲಿ, ಹೆಂಡತಿಯ ತವರಿನಿಂದ ಬಂದುದು ಪಕ್ಕದ ಹಳ್ಳಿಯಲ್ಲಿ, ಕೊಂಡದ್ದು ರಸ್ತೆಯ ಆಚೆ; ಹೀಗೆ ಹತ್ತು ಹದಿನೈದು ಕಡೆ ಚದರಿರುತ್ತದೆ. ಅವನು ಪ್ರತಿಯೊಂದರ ಹಣ್ಣನ್ನೂ ಬೇರೆ ಬೇರೆಯಾಗಿ ಕೊಯ್ದು, ಬೇರೆಯಾಗಿ ಹುದುಗಿಸಿ, ಬೇರೆ ಪೀಪಾಯಿಗಳಲ್ಲಿ ಇಡುತ್ತಾನೆ. ಅಲ್ಲಿನ ಓಕ್ ಮರದ ಪೀಪಾಯಿಯ ಅಳತೆ ೨೨೮ ಲೀಟರು, ಎಂದರೆ ಸುಮಾರು ೩೦೦ ಸೀಸೆಗಳು. ಕೆಲವು ತೋಟಗಳಿಂದ ಅವನಿಗೆ ವರ್ಷಕ್ಕೆ ದೊರೆಯುವುದು ಎರಡೋ ಮೂರೋ ಪೀಪಾಯಿ.

ಇಂತಹ ಮನೆಗೆ ಹೋಗುವುದೆಂದರೆ ಅಂಗಡಿಗೆ ಹೋದಂತಲ್ಲ. ಮುಂಚಿತವಾಗಿ ತಿಳಿಸಿ, ಒಪ್ಪಿಗೆ ಪಡೆದು ಹೋಗಬೇಕು. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಊಟದ ವೇಳೆ. ಆಗ ಬಾಗಿಲು ತಟ್ಟಿದವನನ್ನು ಯಾರೂ ಆದರಿಸರು. ಕೊಯ್ಲಿನ ವಾರಗಳಲ್ಲಂತೂ ಆ ಮಾತೇ ಬೇಡ. ಬೋನ್ ಪಟ್ಟಣದ ಪ್ರಾಚೀನ ಧರ್ಮಾಸ್ಪತ್ರೆಯು ೧೮೫೯ರಿಂದ ನಡೆಸಿಕೊಂಡು ಬಂದಿರುವ ಹರಾಜು ನವೆಂಬರ್ ತಿಂಗಳ ಮೂರನೆಯ ಭಾನುವಾರ ನಡೆಯುತ್ತದೆ. ಆ ಜನಜಂಗುಳಿಯಲ್ಲಿ ಸಣ್ಣ ಬೆಳೆಗಾರನಿಗೆ ನಿಂತು ಮಾತನಾಡಲು ಪುರಸತ್ತಿರುವುದಿಲ್ಲ. ಬಾಗಿಲು ತೆರೆಯುವವನು ಬೆಳಗ್ಗೆಯೆಲ್ಲ ಬಳ್ಳಿ ಕತ್ತರಿಸಿ ಬಂದ ರೈತನೇ ಆಗಿರಬಹುದು, ಅಥವಾ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಅವನ ಮಗಳು. ಒಂದೆರಡು ಸೀಸೆಗಳನ್ನು ಕೊಳ್ಳದೆ ಹಿಂದಿರುಗುವುದು ಮರ್ಯಾದೆಯಲ್ಲವೆಂಬುದು ಹಳೆಯ ರೂಢಿ. ಈಚೆಗೆ ರುಚಿ ನೋಡುವುದಕ್ಕೆ ಶುಲ್ಕವನ್ನು ಗೊತ್ತುಮಾಡಿರುವವರೂ ಅನೇಕರಿದ್ದಾರೆ. ನನಗೆ ಶುಲ್ಕವೇ ಮೇಲೆಂದು ತೋರುತ್ತದೆ. ದಾಕ್ಷಿಣ್ಯದಿಂದ ಕೊಂಡವನ ನಾಲಗೆಯು ಸತ್ಯವನ್ನು ನುಡಿಯುವುದು ಕಷ್ಟ.

ಕೆಳಗೆ ಇಳಿದಮೇಲೆ ತಂಪು, ಮಂದವಾದ ಬೆಳಕು, ಒದ್ದೆಯ ಕಲ್ಲಿನ ವಾಸನೆ. ಬೆಳೆಗಾರನು ಪೀಪಾಯಿಯ ಬಿರಡೆಯನ್ನು ತೆಗೆದು, ನಮ್ಮ ರಸಾಯನ ಪ್ರಯೋಗಶಾಲೆಯ ಪಿಪೆಟ್ಟಿನ ದೊಡ್ಡಣ್ಣನಂತಿರುವ ಗಾಜಿನ ಕೊಳವೆಯನ್ನು ಇಳಿಬಿಟ್ಟು, ಮೇಲಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಎತ್ತಿ, ಬಟ್ಟಲಿಗೆ ಎರಡು ಗುಟುಕಿನಷ್ಟು ಬಿಡುತ್ತಾನೆ. ಮೊದಲು ಬಣ್ಣವನ್ನು ನೋಡಬೇಕು. ಬಟ್ಟಲನ್ನು ತಿರುಗಿಸಿ ಮೂಸಬೇಕು. ಆಮೇಲೆ ಸ್ವಲ್ಪವನ್ನು ಬಾಯಲ್ಲಿ ತೆಗೆದುಕೊಂಡು, ಅದರ ಮೇಲೆ ಗಾಳಿಯನ್ನು ಎಳೆದುಕೊಂಡು, ಬಾಯಲ್ಲೆಲ್ಲ ಆಡಿಸಿ ಉಗುಳಬೇಕು. ಬಟ್ಟಲಲ್ಲಿ ಉಳಿದುದನ್ನು ಪೀಪಾಯಿಗೇ ಹಿಂದಕ್ಕೆ ಸುರಿಯುವ ಮನೆಗಳೂ ಇವೆ. ಬರ್ಗಂಡಿಯ ಅನೇಕ ಮನೆಗಳಲ್ಲಿ ಕೆಂಪನ್ನು ಮೊದಲು ಕೊಟ್ಟು ಬಿಳಿಯದನ್ನು ಆಮೇಲೆ ಕೊಡುತ್ತಾರೆ. ಬೇರೆಡೆಯಿಂದ ಬಂದವರಿಗೆ ಇದು ವಿಪರೀತವಾಗಿ ಕಾಣುತ್ತದೆ. ಬಿಳಿಯ ವೈನಿನ ಹುಳಿಯು ನಾಲಗೆಯನ್ನು ಹಿಡಿದಮೇಲೆ ಎಳೆಯ ಕೆಂಪು ವೈನು ಒರಟಾಗಿ ತೋರುತ್ತದೆಂಬುದು ಅವರ ಅನುಭವ.

ಇಲ್ಲಿ ಒಂದು ಮಾತು. ಎಳೆಯ ಕೆಂಪು ವೈನಿನಲ್ಲಿ ಒಸಡನ್ನೂ ನಾಲಗೆಯನ್ನೂ ಬಿಗಿಯುವ ಗುಣವುಂಟಷ್ಟೆ. ಪಾಶ್ಚಾತ್ಯ ಶಾಸ್ತ್ರಜ್ಞರು ಅದನ್ನು ರುಚಿಗಳ ಪಟ್ಟಿಗೆ ಸೇರಿಸದೆ ಸ್ಪರ್ಶವೆಂದು ಎಣಿಸುತ್ತಾರೆ. ನಮಗೆ ಅದು 'ಒಗರು'. ಷಡ್ರಸಗಳಲ್ಲಿ ಕಷಾಯವೆಂದು ಅದಕ್ಕೆ ಸ್ವತಂತ್ರ ಸ್ಥಾನವೇ ಇದೆ. ಬಾಳೆಕಾಯಿಯ ಒಗರು ಬೇರೆ, ನೇರಳೆಹಣ್ಣಿನ ಒಗರು ಬೇರೆ, ಎಳೆಯ ಅಡಿಕೆಯ ಒಗರು ಬೇರೆ ಎಂದು ಬಾಲ್ಯದಿಂದಲೇ ಅರಿತ ನಾಲಗೆಗೆ ಈ ವಿದ್ಯೆಯ ಅರ್ಧಭಾಗ ಆಗಲೇ ಕೈಗತವಾಗಿದೆ ಎನ್ನಬೇಕು. ಹುಳಿಯ ವಿಷಯದಲ್ಲಿಯೂ ಹೀಗೆಯೇ. ಹೊಸ ವೈನಿನಲ್ಲಿ ಮೊದಲು ಇರುವುದು ಎಳೆಯ ಸೇಬಿನಂತಹ ತೀಕ್ಷ್ಣವಾದ ಹುಳಿ. ಸೂಕ್ಷ್ಮಜೀವಿಗಳು ಅದನ್ನು ಕ್ರಮೇಣ ಮೊಸರಿನಲ್ಲಿರುವ ಸೌಮ್ಯವಾದ ಆಮ್ಲವಾಗಿ ಮಾರ್ಪಡಿಸುತ್ತವೆ. ಚಳಿಗಾಲದಲ್ಲಿ ನೆಲಮಾಳಿಗೆ ತಣ್ಣಗಾಗಿ ಈ ಕ್ರಿಯೆ ನಿಂತು, ವಸಂತದಲ್ಲಿ ಮರಳಿ ಮೊದಲಾಗುವುದು ವಾಡಿಕೆ. ಆ ಮಧ್ಯಕಾಲದಲ್ಲಿ ಪೀಪಾಯಿಯಿಂದ ರುಚಿ ನೋಡಿ 'ಇದು ಕೆಟ್ಟದ್ದು' ಎಂದು ತೀರ್ಪುಕೊಟ್ಟವನು ಮರದ ಮೇಲಿನ ಮಿಡಿಮಾವನ್ನು ಕಚ್ಚಿ ಹಣ್ಣನ್ನು ಹಳಿದಂತಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ತರ್ಕಶಾಸ್ತ್ರವನ್ನು ಓದಿದವರಿಗೆ ಮಿಲ್ ಮಹಾಶಯನ ವ್ಯತ್ಯಾಸ ವಿಧಾನದ ಪರಿಚಯವಿರುತ್ತದೆ. ಎರಡು ಸಂದರ್ಭಗಳಲ್ಲಿ ಮಿಕ್ಕೆಲ್ಲ ಅಂಶಗಳೂ ಒಂದೇ ಆಗಿದ್ದು, ಒಂದು ಅಂಶ ಮಾತ್ರ ಬೇರೆಯಾಗಿ, ಫಲವೂ ಬೇರೆಯಾದರೆ, ಆ ಅಂಶವೇ ಆ ಫಲಭೇದಕ್ಕೆ ಕಾರಣವೆಂದು ಊಹಿಸಬಹುದು. ಸಣ್ಣ ಬೆಳೆಗಾರನ ನೆಲಮಾಳಿಗೆಯು ಈ ವಿಧಾನಕ್ಕೆ ಹೇಳಿ ಮಾಡಿಸಿದ ಜಾಗ. ತಳಿಯು ಒಂದೇ, ವರ್ಷ ಒಂದೇ, ಕೈ ಒಂದೇ, ಪೀಪಾಯಿಯ ಮರವೂ ಹೆಚ್ಚುಕಡಿಮೆ ಒಂದೇ. ಬದಲಾಗುವುದು ನೆಲ. ರಸ್ತೆಯ ಕೆಳಗಿನ ಸಮತಟ್ಟಿನಲ್ಲಿ ಜೇಡಿಮಣ್ಣು ಹೆಚ್ಚು, ನೀರು ನಿಲ್ಲುತ್ತದೆ. ಅಲ್ಲಿಯ ವೈನಿಗೆ ಪ್ರಾಂತದ ಹೆಸರು ಮಾತ್ರ. ಅದರ ಮೇಲಿನದಕ್ಕೆ ಹಳ್ಳಿಯ ಹೆಸರು. ಇಳಿಜಾರಿನ ನಡುಭಾಗದಲ್ಲಿ ಸುಣ್ಣಕಲ್ಲಿನ ಮೇಲೆ ತೆಳುವಾದ ಮಣ್ಣು, ಬೆಳಗಿನ ಬಿಸಿಲು, ಬಸಿದುಹೋಗುವ ನೀರು. ಮೊದಲ ದರ್ಜೆಯ ಮತ್ತು ಅತ್ಯುತ್ತಮ ದರ್ಜೆಯ ತೋಟಗಳು ಹೆಚ್ಚಾಗಿ ಇಲ್ಲಿವೆ. ಗುಡ್ಡದ ನೆತ್ತಿಯಲ್ಲಿ ಮಣ್ಣು ತೀರ ಬಡವು, ಗಾಳಿ ತಂಪು. ಬೆಳೆಗಾರನು ಕೆಳಗಿನ ದರ್ಜೆಯಿಂದ ಮೇಲಿನದಕ್ಕೆ ಒಂದೊಂದಾಗಿ ಕೊಡುತ್ತ ಹೋಗುವಾಗ ಅತಿಥಿಯು ಆ ಇಳಿಜಾರನ್ನು ನಾಲಗೆಯಿಂದಲೇ ಹತ್ತುತ್ತಿರುತ್ತಾನೆ.

ಮಣ್ಣಿನ ರುಚಿಯೇ ವೈನಿಗೆ ಬರುತ್ತದೆಂಬುದು ಜನರು ಆಡುವ ಮಾತು; ಸುಣ್ಣಕಲ್ಲು ಬೇರಿನ ಮೂಲಕ ಹಣ್ಣಿಗೆ ಏರಿ ಬಾಯಿಗೆ ಬರುವುದಿಲ್ಲವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ನೆಲದ ಪ್ರಭಾವವು ನೀರು, ಉಷ್ಣ, ಬೇರಿನ ಆಳ, ಹಣ್ಣು ಮಾಗುವ ವೇಗ ಇವುಗಳ ಮೂಲಕ ಬಳಸುದಾರಿಯಲ್ಲಿ ಬರುವಂತಹುದು. ಅಲ್ಲದೆ ಬಳ್ಳಿಯ ವಯಸ್ಸು ತೋಟದಿಂದ ತೋಟಕ್ಕೆ ಬೇರೆ. ಮಿಲ್ಲನ ವಿಧಾನವು ಬಯಸುವ ಶುದ್ಧಿಯು ನೆಲಮಾಳಿಗೆಯಲ್ಲಿ ಸಂಪೂರ್ಣವಾಗಿ ದೊರೆಯದು. ಆದರೂ ಬೇಸಾಯದ ಬೇರಾವ ಬೆಳೆಯಲ್ಲಿ ಇಷ್ಟು ಹತ್ತಿರಕ್ಕೆ ಬರುವ ಪ್ರಯೋಗವುಂಟು?

ಇದರ ಪ್ರತಿಪ್ರಯೋಗವೂ ಸಾಧ್ಯ. ಹಿಂದೆ ಹೇಳಿದ ವೂಜೋ ಆವರಣವೆಲ್ಲವೂ ಕಾನೂನಿನ ಪ್ರಕಾರ ಅತ್ಯುತ್ತಮ ದರ್ಜೆಯದು. ಆದರೆ ಅದರ ಮೇಲ್ಭಾಗವು ಗುಡ್ಡದ ಕಡೆಗೂ ಕೆಳಭಾಗವು ಹೆದ್ದಾರಿಯ ಅಂಚಿಗೂ ಚಾಚಿದೆ. ಕೆಳಗೆ ಮಣ್ಣು ದಪ್ಪ, ನೀರು ಬಸಿಯುವುದು ನಿಧಾನ. ಸೀಸೆಯ ಚೀಟಿಯಲ್ಲಿ ಇದಾವುದೂ ಇಲ್ಲ. ಎಂಬತ್ತು ಮಂದಿಯೂ ಒಂದೇ ಹೆಸರನ್ನು ಬರೆಯುತ್ತಾರೆ. ಇವರಲ್ಲಿ ಇಬ್ಬರು ಮೂವರ ಮನೆಗಳಿಗೆ ಒಂದೇ ದಿನ ಹೋಗಿ, ಒಂದೇ ವರ್ಷದ ವೈನನ್ನು ನೋಡಿ, ಅವರವರ ಸಾಲುಗಳು ಎಲ್ಲಿವೆಯೆಂದು ನಕ್ಷೆಯಲ್ಲಿ ತೋರಿಸಿರೆಂದು ಕೇಳಿದರೆ, ಸರ್ಕಾರದ ದರ್ಜೆಗೂ ದುಡಿಮೆಗಾರನ ಕೈಗೂ ಇರುವ ಅಂತರವು ತಿಳಿದುಬರುತ್ತದೆ. ಅಸಡ್ಡೆಯ ಕೈಯಲ್ಲಿ ಒಳ್ಳೆಯ ನೆಲವು ಸೋಲುವುದನ್ನೂ ಅಲ್ಲಿ ಕಾಣಬಹುದು.

ಒಂದು ಶತಮಾನದ ಹಿಂದೆ ಈ ಅವಕಾಶವು ಹೀಗಿರಲಿಲ್ಲ. ಬೆಳೆಗಾರರಲ್ಲಿ ಹೆಚ್ಚಿನವರು ತಮ್ಮ ಪೀಪಾಯಿಗಳನ್ನು ಬೋನ್ ಮತ್ತು ನ್ವಿ ಪಟ್ಟಣಗಳ ಮಂಡಿಯ ವರ್ತಕರಿಗೆ ಮಾರಿಬಿಡುತ್ತಿದ್ದರು. ಹತ್ತು ಮನೆಗಳ ವೈನನ್ನು ಕೂಡಿಸಿ ತಮ್ಮ ಹೆಸರಿನಲ್ಲಿ ಸೀಸೆಗೆ ತುಂಬುವುದು ವರ್ತಕರ ಉದ್ಯೋಗ. ಅವರಲ್ಲಿ ಪ್ರಾಮಾಣಿಕರಿದ್ದರು, ಆದರೆ ದಕ್ಷಿಣದ ಅಗ್ಗದ ವೈನನ್ನು ಬೆರಸಿ ಪ್ರಸಿದ್ಧವಾದ ಹಳ್ಳಿಯ ಹೆಸರನ್ನು ಅಂಟಿಸುವವರೂ ಇದ್ದರು. ಇದನ್ನು ಪ್ರತಿಭಟಿಸಿ ವೊಲ್ನೇ ಹಳ್ಳಿಯ ಮಾರ್ಕಿ ದಾಂಜರ್ವೀಲ್, ನ್ವಿಯ ಆಂರಿ ಗೂಜ್, ಜೆವ್ರೇಯ ಆರ್ಮಾಂ ರೂಸೋ ಮೊದಲಾದವರು ೧೯೨೦ ಮತ್ತು ೩೦ರ ದಶಕಗಳಲ್ಲಿ ತಮ್ಮ ವೈನನ್ನು ತಾವೇ ಸೀಸೆಗೆ ತುಂಬಿ ಮಾರತೊಡಗಿದರು. ಮಂಡಿಯ ಬಾಗಿಲನ್ನು ಬಿಟ್ಟು ಬದುಕಬೇಕಾದರೆ ಗಿರಾಕಿಯನ್ನು ತಾನೇ ಹುಡುಕಬೇಕು. ಗಿರಾಕಿಯು ನಂಬಬೇಕಾದರೆ ಪೀಪಾಯಿಯ ಮುಂದೆ ನಿಲ್ಲಿಸಿ ರುಚಿ ತೋರಿಸಬೇಕು. ೧೯೩೫ರಲ್ಲಿ ಸ್ಥಳನಾಮವನ್ನು ರಕ್ಷಿಸುವ ಕಾನೂನು ಬಂದಿತು. ಇಂದು ಪ್ರವಾಸಿಯು ಸಲೀಸಾಗಿ ಇಳಿಯುವ ನೆಲಮಾಳಿಗೆಯ ಮೆಟ್ಟಿಲುಗಳನ್ನು ಕಟ್ಟಿದ್ದು ಆ ಜಗಳವೇ.

ಅದಕ್ಕೂ ಹಿಂದಿನ ಆಪತ್ತೊಂದರ ಗುರುತನ್ನು ನೋಡಲು ತೋಟಕ್ಕೇ ಹೋಗಬೇಕು. ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹುಳು ೧೮೭೮ರಲ್ಲಿ ಕೋತ್ ದೋರ್ ಸೀಮೆಯಲ್ಲಿ ಕಾಣಿಸಿಕೊಂಡಿತು. ಔಷಧ ಹೊಡೆದು ನೋಡಿದರು, ಫಲಿಸಲಿಲ್ಲ. ಆ ಹುಳುವನ್ನು ತಾಳಿಕೊಳ್ಳುವ ಅಮೆರಿಕದ ಬೇರಿನ ಮೇಲೆ ಫ್ರಾನ್ಸಿನ ಬಳ್ಳಿಯನ್ನು ಕಸಿಮಾಡುವುದೊಂದೇ ದಾರಿಯಾಯಿತು. ಮುದುಕರು ಬಹುಕಾಲ ಒಪ್ಪಲಿಲ್ಲ. ಅಮೆರಿಕದ ಬಳ್ಳಿಯ ಘಾಟು ವಾಸನೆಯು ಕಸಿಯ ಮೂಲಕ ಏರಿಬಂದೀತೆಂದು ಅವರ ಭಯ. ನಂದಿಬೆಟ್ಟದ ಸುತ್ತಿನ 'ಬೆಂಗಳೂರು ನೀಲಿ' ದ್ರಾಕ್ಷಿಯನ್ನು ತಿಂದವರಿಗೆ ಆ ವಾಸನೆಯ ಪರಿಚಯವಿದೆ. ಅದರ ವಂಶದಲ್ಲಿ ಅಮೆರಿಕದ ಲಾಬ್ರಸ್ಕಾ ಜಾತಿಯ ರಕ್ತವಿದೆ. ನಮಗೆ ಅದು ಪರಿಮಳ, ಅವರಿಗೆ ದೋಷ. ಕಸಿಯ ಬೇರು ಆ ವಾಸನೆಯನ್ನು ಮೇಲಕ್ಕೆ ಕಳುಹಿಸಲಿಲ್ಲವೆಂಬುದು ಕೊನೆಗೆ ಸ್ಪಷ್ಟವಾಯಿತು. ಆದರೂ ಸುಮಾರು ನಾಲ್ಕೂವರೆ ಎಕರೆಯ ರೊಮನೇ-ಕೊಂತಿ ತೋಟದಲ್ಲಿ ಕಸಿಯಿಲ್ಲದ ಹಳೆಯ ಬಳ್ಳಿಗಳನ್ನು ೧೯೪೫ರವರೆಗೂ ಕಷ್ಟಪಟ್ಟು ಉಳಿಸಿಕೊಂಡು ಬಂದಿದ್ದರು.

ಈಗಿನ ಅಪಾಯವು ಹುಳುವಿನದಲ್ಲ, ಬೆಲೆಯದು. ಮೊರೇ-ಸೇಂ-ದೆನಿ ಎಂಬ ಒಂದೇ ಹಳ್ಳಿಯಲ್ಲಿ ಕ್ಲೋ ದೆ ಲಾಂಬ್ರೇ ತೋಟವು ೨೦೧೪ರಲ್ಲಿಯೂ ಕ್ಲೋ ದ ತಾರ್ ತೋಟವು ೨೦೧೭ರಲ್ಲಿಯೂ ವಿಲಾಸವಸ್ತುಗಳ ವ್ಯಾಪಾರದಿಂದ ಶ್ರೀಮಂತವಾದ ದೊಡ್ಡ ಬಂಡವಾಳಗಾರರ ವಶವಾದವು. ಒಂದು ತೋಟ ಮಾರಿದ ಬೆಲೆಯು ಪಕ್ಕದ ತೋಟದ ಬೆಲೆಯನ್ನೂ ಏರಿಸುತ್ತದೆ. ತಂದೆ ತೀರಿಕೊಂಡಾಗ ಮಕ್ಕಳು ಕೊಡಬೇಕಾದ ಉತ್ತರಾಧಿಕಾರದ ತೆರಿಗೆಯು ಆ ಬೆಲೆಯ ಮೇಲೆ. ಅವರ ವರಮಾನವಾದರೋ ನಾಲ್ಕಾರು ಪೀಪಾಯಿಗಳ ಮೇಲೆ. ಒಡಹುಟ್ಟಿದವರಲ್ಲಿ ಒಬ್ಬನು ಬೇಸಾಯ ಮಾಡುತ್ತೇನೆಂದು, ಮಿಕ್ಕವರು ತಮ್ಮ ಪಾಲಿನ ಹಣ ಬೇಕೆಂದು ನಿಂತರೆ, ಅವರ ಪಾಲನ್ನು ಕೊಳ್ಳುವ ಶಕ್ತಿ ಅವನಿಗೆಲ್ಲಿಂದ ಬರಬೇಕು? ನೆಲಮಾಳಿಗೆಗಳನ್ನು ಚಿಕ್ಕದಾಗಿ ಒಡೆದು ಊರತುಂಬ ಹಂಚಿದ ಸಮಭಾಗದ ನ್ಯಾಯವೇ ಈಗ ಅವುಗಳನ್ನು ದೊಡ್ಡವರ ಕೈಗೆ ದಾಟಿಸುವ ಸಾಧನವೂ ಆಗಬಹುದಾಗಿದೆ. ಇದನ್ನು ಕಂಡು ನೆಲವಿಲ್ಲದ ತರುಣರು ಕೆಲವರು ಬಾಡಿಗೆಯ ನೆಲಮಾಳಿಗೆಯನ್ನು ಹಿಡಿದು, ಹಣ್ಣನ್ನು ಕ್ರಯಕ್ಕೆ ಕೊಂಡು, ತಾವೇ ವೈನು ಮಾಡುತ್ತಿದ್ದಾರೆ. ಕಾನೂನಿನ ಲೆಕ್ಕದಲ್ಲಿ ಇವರು ವರ್ತಕರು. ಬಾಗಿಲು ತೆರೆದು ರುಚಿ ತೋರಿಸುವ ಸೌಜನ್ಯದಲ್ಲಿ ಹಳೆಯ ಬೆಳೆಗಾರರಿಗೆ ಸರಿಸಮಾನರು.

ಹವೆಯೂ ಬದಲಾಗುತ್ತಿದೆ. ಬೋನ್ ಪಟ್ಟಣದ ಕೊಯ್ಲಿನ ದಿನಾಂಕಗಳನ್ನು ವಿದ್ವಾಂಸರು ೧೩೫೪ರಿಂದ ೨೦೧೮ರವರೆಗೆ ಕೂಡಿಸಿ ೨೦೧೯ರಲ್ಲಿ ಪ್ರಕಟಿಸಿದ್ದಾರೆ. ೧೯೮೮ರಿಂದೀಚೆಗೆ ಕೊಯ್ಲು ಸರಾಸರಿ ೧೩ ದಿನ ಮುಂಚೆ ಬರುತ್ತಿದೆಯೆಂದು ಅದರಿಂದ ತಿಳಿಯುತ್ತದೆ. ೨೦೦೩ರಲ್ಲಿ ಆಗಸ್ಟ್ ತಿಂಗಳಿನಲ್ಲಿಯೇ ಹಣ್ಣು ಕೊಯ್ದರು. ಚಿಗುರೂ ಮುಂಚಿತವಾಗಿ ಒಡೆಯುವುದರಿಂದ ವಸಂತದ ಹಿಮಕ್ಕೆ ಸಿಕ್ಕಿಬೀಳುವ ಸಂಭವ ಹೆಚ್ಚು. ೨೦೨೧ರ ಏಪ್ರಿಲ್ ಮೊದಲ ವಾರದ ರಾತ್ರಿಗಳಲ್ಲಿ ಬೆಳೆಗಾರರು ಸಾಲುಗಳ ನಡುವೆ ದೊಡ್ಡ ಮೇಣದ ದೀಪಗಳನ್ನು ಹೊತ್ತಿಸಿ ಕಾದರು. ಶಾರ್ದೊನೇ ಮೊದಲೇ ಚಿಗುರುವುದರಿಂದ ಬಿಳಿಯ ಹಣ್ಣಿಗೆ ಬಿದ್ದ ಪೆಟ್ಟು ದೊಡ್ಡದು. ಆ ವರ್ಷ ಕೆಲವು ತೋಟಗಳಿಂದ ಒಂದು ಪೀಪಾಯಿ ತುಂಬುವಷ್ಟೂ ರಸ ಬರಲಿಲ್ಲ. ಅಂತಹ ಕಡೆ ಬೆಳೆಗಾರರಲ್ಲಿ ಕೆಲವರು ಮೂರು ನಾಲ್ಕು ತೋಟಗಳ ಹಣ್ಣನ್ನು ಒಂದೇ ಪೀಪಾಯಿಗೆ ಕೂಡಿಸಿದರು. ಆ ಮನೆಗಳಲ್ಲಿ ೨೦೨೧ರ ಬಿಳಿಯ ವೈನನ್ನು ಕೇಳಿದ ಅತಿಥಿಗೆ, ಒಂದೊಂದು ತೋಟದ ಹೆಸರು ಹೇಳುತ್ತ ನಾಲ್ಕು ಬಾರಿ ಇಳಿಯುತ್ತಿದ್ದ ಗಾಜಿನ ಕೊಳವೆಯು ಒಂದೇ ಬಾರಿ ಇಳಿಯುತ್ತದೆ.